ಹರಕೆಯಷ್ಟೇ ಅಲ್ಲ

ಯೇಸುವಿನ ತಾಯಿ ಮಾತೆ ಮರಿಯಮ್ಮನವರ ಮೇಲಿನ ಭಕ್ತಿಯು ಹರಕೆ ಹೊತ್ತು ವರ ಪಡೆಯುವ ವ್ಯವಹಾರವಾಗಿಬಿಟ್ಟಿದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕ ಚರ್ಚಿನಲ್ಲಿ ಆಗಸ್ಟ್ 29ರಂದು ಧ್ವಜ ಏರಿದಾಗಿನಿಂದ ಸೆಪ್ಟೆಂಬರ್ 8ರ ಹಬ್ಬದವರೆಗೆ ಕಾವಿ ಬಟ್ಟೆ ಉಟ್ಟು ಬರುವವರಲ್ಲಿ ಹರಕೆ ಹೊತ್ತವರು ಬಹಳ ಮಂದಿ ಇರುತ್ತಾರೆ (ಕ್ರೈಸ್ತರಲ್ಲದವರೂ ಸೇರಿ). ಆದರೆ ನಾನು ಬೆಳೆದ ಕೋಲಾರ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಈ ಭಕ್ತಿಗೆ ಬೇರೊಂದು ಮುಖವಿತ್ತು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ತಂದೆ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದರು. ರಾತ್ರಿ ಅವರು ಮನೆ ಸೇರುವವರೆಗೂ ತಾಯಿ ಜಪಸರ ಹಿಡಿದು ‘ನಮೋ ಮರಿಯೆ’ ಪ್ರಾರ್ಥನೆ ಹೇಳುತ್ತಾ ಕೂರುತ್ತಿದ್ದರು. ಆ ಸರದ ಒಂದು ಮಣಿ ಕಳೆದುಹೋಗಿ, ಅದರ ಜಾಗದಲ್ಲಿ ಅಂಗಿಯ ಬಿಳಿ ಗುಂಡಿಯೊಂದನ್ನು ಪೋಣಿಸಿದ್ದರು. ಗಣಿ ಮತ್ತೆ ತೆರೆಯಲಿಲ್ಲ. ಜಪ ಮಾತ್ರ ನಿಲ್ಲಲಿಲ್ಲ.

ಬೈಬಲಿನಲ್ಲಿ ಬರುವ ಕಾನಾ ಊರಿನ ಮದುವೆಯಲ್ಲಿ ಮರಿಯಮ್ಮನವರು ಯೇಸುವಿಗೆ ತಿಳಿಸಿದ್ದು ದ್ರಾಕ್ಷಾರಸ ಮುಗಿದಿದೆ ಎಂಬಷ್ಟನ್ನೇ. ಏನು ಮಾಡಬೇಕೆಂದು ಮಗನಿಗೆ ವಿಧಿಸದೆ, ಯೇಸು ಹೇಳಿದಂತೆ ಮಾಡಿರಿ ಎಂದು ಸೇವಕರಿಗೆ ಹೇಳಿ ಸುಮ್ಮನಾದರು. ಮದುವೆ ಮನೆಯ ಕೊರತೆ ಅವರ ಕಣ್ಣಿಗೆ ಬಿತ್ತೆಂಬ ಅಂಶವನ್ನು ಲೇಖನ ಮುಟ್ಟಲೇ ಇಲ್ಲ. ಇನ್ನು, ಮರಿಯಮ್ಮನವರ ಮೇಲಿನ ಈ ಭಕ್ತಿ ಆರಾಧನೆಯೇ ಎಂಬ ಹಳೆಯ ಪ್ರಶ್ನೆಗೆ ಕಥೋಲಿಕ ಬಿಷಪ್‌ಗಳ ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆಯು 1964ರಲ್ಲೇ ಸ್ಪಷ್ಟವಾಗಿ ಉತ್ತರಿಸಿದೆ: ಆರಾಧನೆ ದೇವರಿಗೆ ಮಾತ್ರ, ಮರಿಯಮ್ಮನವರಿಗೆ ಸಲ್ಲುವುದು ವಿಶೇಷ ಗೌರವ. ನಮ್ಮ ತಾಯಿಗೆ ಈ ಭೇದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವರು ಜಪ ಆರಂಭಿಸುತ್ತಿದ್ದದ್ದು ಶಿಲುಬೆಯನ್ನು ಹಿಡಿದೇ.