ಹೆಗಲ ಮೇಲಿನ ಕುಂಬಳಕಾಯಿ

1937ರಲ್ಲಿ ಯುರೋಪಿನ ಶಾಂತಿ ಒಂದು ಮೀಸೆಯ ಮೇಲೆ ನಿಂತಿತ್ತು. ಜರ್ಮನಿಗೆ ಹೋಗಿದ್ದ ಬ್ರಿಟಿಷ್ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಎದುರು ಹಿಟ್ಲರನ ಪ್ರಚಾರಮಂತ್ರಿ ಗೋಬೆಲ್ಸ್ ಗೋಳು ತೋಡಿಕೊಂಡ. ಲಂಡನ್ನಿನ 'ಈವನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಬರೆಯುವ ಹಿಟ್ಲರ್ ಚೆನ್ನಾಗಿಲ್ಲವಂತೆ. ಸಾಹೇಬರು ಊರಿಗೆ ಬಂದವರೇ ಲೋ ಅವರಿಗೆ ಬುದ್ಧಿ ಹೇಳಿದರು: ಕೈ ಸ್ವಲ್ಪ ಬಿಗಿ ಹಿಡಿಯಿರಿ. ಲೋ ಒಪ್ಪಿದರು. ಹಿಟ್ಲರ್, ಮುಸೊಲಿನಿ ಇಬ್ಬರನ್ನೂ ಕಲಸಿ 'ಮಝ್ಲರ್' ಅಂತ ಹೊಸಬನನ್ನೇ ಬರೆದರು. ಇಬ್ಬರದೂ ಅರ್ಧರ್ಧ ಮುಖ. ದೂರು ಕೊಡೋರು ಯಾರು?

1939ರಲ್ಲಿ ಯುದ್ಧ ಶುರುವಾಯಿತು. ನಿನ್ನೆ ತನಕ ಶಾಂತಿ ಕೆಡಿಸುತ್ತಿದ್ದ ಮೀಸೆ ಈಗ ದೇಶಭಕ್ತಿ. ಸೆಪ್ಟೆಂಬರ್ 20ಕ್ಕೆ ಲೋ ಇನ್ನೊಂದು ಮೀಸೆಯನ್ನೂ ಎಳೆತಂದರು. ನಡುವೆ ಪೋಲೆಂಡಿನ ಹೆಣ, ಆಚೀಚೆ ಹಿಟ್ಲರ್, ಸ್ಟಾಲಿನ್ ಟೋಪಿ ತೆಗೆದು ಬಾಗಿ, ಬೈಗುಳದಲ್ಲೇ ಕುಶಲ ವಿಚಾರಿಸುತ್ತಿದ್ದಾರೆ. 1941ರಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದದ್ದೇ ತಡ, ಸ್ಟಾಲಿನ್ 'ಅಂಕಲ್ ಜೋ' ಆದ. ಮೀಸೆ ಅದೇ, ನೆಂಟಸ್ತಿಕೆ ಮಾತ್ರ ಬೇರೆ.

ಅಸಲಿ ತಮಾಷೆ ನಡೆದದ್ದು 1942ರ ಮಾರ್ಚಿನಲ್ಲಿ. 'ಡೈಲಿ ಮಿರರ್'ನಲ್ಲಿ ಫಿಲಿಪ್ ಝೆಕ್ ಒಂದು ಚಿತ್ರ ಬರೆದರು. ಹಡಗು ಮುಳುಗಿ, ಕತ್ತಲ ಸಮುದ್ರದಲ್ಲಿ ಒಂದು ತೆಪ್ಪಕ್ಕೆ ಆತುಕೊಂಡ ನಾವಿಕ. ಕೆಳಗೆ, ಪೆಟ್ರೋಲ್ ಬೆಲೆ ಒಂದು ಪೆನ್ನಿ ಏರಿದೆ ಎಂಬ ಅಧಿಕೃತ ಸುದ್ದಿ. ಪೆಟ್ರೋಲ್ ತರೋಕೆ ಜನ ಸಾಯ್ತಿದ್ದಾರೆ, ಸುಮ್ನೆ ಸುರಿಯಬೇಡಿ ಅನ್ನೋದು ಝೆಕ್ ಮಾತು. ಸರ್ಕಾರವೇ ದುಡ್ಡು ಕೊಟ್ಟು ಬರೆಸಬೇಕಾಗಿದ್ದ ಚಿತ್ರ! ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಂಪನಿಗಳ ಲಾಭಕ್ಕೆ ನಾವಿಕರನ್ನು ಬಲಿ ಕೊಡ್ತಿದ್ದೀವಿ ಅಂತ ಬರೆದಿದ್ದಾನೆ ಎಂದು ಮಂತ್ರಿಗಳೇ ಅರ್ಥ ಹಚ್ಚಿದರು. ಯಾರೂ ಕೇಳಿರಲಿಲ್ಲ. ಚರ್ಚಿಲ್ ಕೆಂಡವಾದರು. ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಪತ್ರಿಕೆಯವರನ್ನು ಕರೆಸಿ, ಮುಚ್ಚಿಸಿಬಿಡ್ತೀನಿ ಅಂತ ಬೆದರಿಸಿದರು. ಬರೀ ಬೆದರಿಕೆಯಲ್ಲ, ಹಿಂದಿನ ವರ್ಷ ಯುದ್ಧಕಾಲದ ಅದೇ ಕಾನೂನಿನಡಿ ಕಮ್ಯುನಿಸ್ಟರ ಪತ್ರಿಕೆ 'ಡೈಲಿ ವರ್ಕರ್'ಗೆ ಬೀಗ ಬಿದ್ದಿತ್ತು. ಹಿಟ್ಲರನನ್ನು ದಿನಾ ಗೇಲಿ ಮಾಡುತ್ತಿದ್ದ ಝೆಕ್ ಹಿಂದೆ ಗೂಢಚಾರರು ಬಿದ್ದರು.

1945ರ ಮೇನಲ್ಲಿ ಅದೇ ಝೆಕ್ ಇನ್ನೊಂದು ಚಿತ್ರ ಬರೆದರು. ಗಾಯಗೊಂಡ ಸೈನಿಕ ಗೆಲುವನ್ನೂ ಶಾಂತಿಯನ್ನೂ ಕೈಗಿಟ್ಟು, ಮತ್ತೆ ಕಳ್ಕೋಬೇಡಿ ಅನ್ನುತ್ತಾನೆ. ಜುಲೈ 5ರಂದು, ಮತದಾನದ ದಿನ, 'ಮಿರರ್' ಅದನ್ನು ಮುಖಪುಟದಲ್ಲಿ ಮತ್ತೆ ಹಾಕಿತು. ಲೇಬರ್ ಪಕ್ಷ ಗೆದ್ದಿತು. ಅದೇ ಪಕ್ಷದ ಮಾರಿಸನ್ ಉಪಪ್ರಧಾನಿಯಾದರು. ಆ ಚಿತ್ರದ ಅರ್ಥ ಮಾತ್ರ ಅವರಿಗೆ ಮೊದಲ ನೋಟಕ್ಕೇ ಸರಿಯಾಗಿ ಆಗಿರಬೇಕು.