ಇವತ್ತು ಶೆಲ್ ಬಂದೇ ಬರ್ತದಂತೆ

ಸಣ್ಣ ಕಂಪನಿಗಳ ಶೇರು ಮಾರುವ ಲಂಡನ್ನಿನ ಏಮ್ ಮಾರುಕಟ್ಟೆಯಲ್ಲಿ ಒಂದೂವರೆ ಪೆನ್ಸಿಗೆ ಬಿಕರಿಯಾಗುವ ಆಫ್ರಿಕಾದ ಗ್ಯಾಸ್ ಕಂಪನಿಯೊಂದರ ಶೇರು ಇಟ್ಟುಕೊಂಡವನಿಗೆ ಬೆಳಗಿನ ಏಳು ಗಂಟೆಯೇ ಬ್ರಾಹ್ಮೀ ಮುಹೂರ್ತ. ಕಂಪನಿಗಳ ಅಧಿಕೃತ ಪ್ರಕಟಣೆ ಹೊರಬೀಳುವುದು ಆಗ. ಎಂಟಕ್ಕೆ ಪೇಟೆ ತೆರೆಯುತ್ತದೆ. ನಡುವಿನ ಒಂದು ಗಂಟೆ ಧ್ಯಾನ. ನಮ್ಮ ಕಂಪನಿಯನ್ನೇ ಕೊಳ್ಳಲು ತೈಲ ದೈತ್ಯ ಶೆಲ್ ಬರಲಿದೆ, ಶೆಲ್ ಅಲ್ಲದಿದ್ದರೆ ಫ್ರಾನ್ಸಿನ ಟೋಟಲ್, ಅವರೂ ಅಲ್ಲದಿದ್ದರೆ ಚೀನಾದವರು. ಬರಲಿಲ್ಲವೋ, ಒಪ್ಪಂದ ಎಷ್ಟು ದೊಡ್ಡದೆಂದರೆ ವಕೀಲರು ಇನ್ನೂ ಓದಿ ಮುಗಿಸಿಲ್ಲ.

ಸೂಚನೆಗಳಿಗೇನೂ ಬರವಿಲ್ಲ. ನಿರ್ದೇಶಕರು ಸ್ವಂತ ದುಡ್ಡಲ್ಲಿ ಶೇರು ಕೊಂಡರೆ ಅವರಿಗೆ ಒಳಗುಟ್ಟು ಗೊತ್ತಿದೆ. ಕೊಳ್ಳದಿದ್ದರೆ ಗುಟ್ಟು ಇನ್ನೂ ದೊಡ್ಡದು, ಕಾನೂನು ಕೊಳ್ಳಲು ಬಿಡುತ್ತಿಲ್ಲ. ಈ ಎರಡನೆಯ ವಾದದಲ್ಲಿ ಒಂದೆಳೆ ನಿಜವೂ ಇದೆ: ಬೆಲೆ ಅಲುಗಿಸುವ ಒಳಸುದ್ದಿ ಕೈಯಲ್ಲಿರುವಾಗ ನಿರ್ದೇಶಕ ವಹಿವಾಟು ಮಾಡುವಂತಿಲ್ಲ, ಫಲಿತಾಂಶಕ್ಕೆ ಮೊದಲಿನ 30 ದಿನವೂ ಕೈಕಟ್ಟಿ ಕೂರಬೇಕು. ತಾನೇ ನಡೆಸುವ ಕಂಪನಿಯ ಮೇಲೆ ನಂಬಿಕೆಯಿಲ್ಲದೆ ಕೊಳ್ಳದ ನಿರ್ದೇಶಕನೂ ಇರಬಹುದು ಎಂಬುದು ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ.

ಇದಕ್ಕಿಂತ ಸೊಗಸಾದದ್ದು ಶೇಕಡ 3ರ ಪುರಾಣ. ಬ್ರಿಟನ್ನಿನ ಕಂಪನಿಯಲ್ಲಿ ಯಾರ ಪಾಲು 3% ದಾಟಿದರೂ ಟಿಆರ್-1 ಎಂಬ ಫಾರಂ ತುಂಬಿ ಜಗತ್ತಿಗೆ ತಿಳಿಸಬೇಕು. ಒಂದು ಬೆಳಿಗ್ಗೆ ಯಾವುದೋ ಬ್ರೋಕರ್ ಸಂಸ್ಥೆಯ ಹೆಸರಲ್ಲಿ ಆ ಫಾರಂ ಬೀಳುತ್ತದೆ. 'ಬಂತು! ಯಾರೋ ಸದ್ದಿಲ್ಲದೆ ಕೂಡಿಹಾಕುತ್ತಿದ್ದಾರೆ!' ಎಂಬ ಕೂಗು. ಆಗಿರುವುದು ಇಷ್ಟೇ: ಸಣ್ಣ ಹೂಡಿಕೆದಾರರು ಪೂರ್ತಿ ದುಡ್ಡು ಕೊಟ್ಟು ಶೇರು ಕೊಳ್ಳದೆ, ಅಂಚು ಹಣ ಕಟ್ಟಿ ಸಿಎಫ್‌ಡಿ ಅಥವಾ ಸ್ಪ್ರೆಡ್ ಬೆಟ್, ಅಂದರೆ ಶೇರಿನ ಬೆಲೆಯ ಏರಿಳಿತದ ಮೇಲೆ ಬಾಜಿ, ಆಡಿದ್ದಾರೆ. ತನಗೆ ನಷ್ಟವಾಗದಿರಲೆಂದು ಬ್ರೋಕರ್ ಅಷ್ಟೇ ಶೇರನ್ನು ಪೇಟೆಯಲ್ಲಿ ಕೊಂಡು ಇಟ್ಟುಕೊಂಡಿದ್ದಾನೆ. ಎಲ್ಲರ ಬಾಜಿಯೂ ಸೇರಿ 3% ದಾಟಿತು, ಫಾರಂ ಬಿತ್ತು. ಕಂಪನಿಯನ್ನು ನುಂಗಲು ಬಂದ ತಿಮಿಂಗಿಲವೆಂದು ಅವರು ತೋರಿಸುತ್ತಿರುವುದು ತಮ್ಮದೇ ಜೂಜಿನ ಚೀಟಿಯನ್ನು. ಅದನ್ನು ನೋಡಿ ಮತ್ತಷ್ಟು ಬೆಟ್ ಕಟ್ಟುತ್ತಾರೆ, ಬ್ರೋಕರ್ 4% ದಾಟುತ್ತಾನೆ, ಇನ್ನೊಂದು ಫಾರಂ.

ಈ ಮತದ ಮೂಲಪುರುಷ ಕೋವ್ ಎನರ್ಜಿ. ಮೊಜಾಂಬಿಕ್‌ನ ರೊವುಮಾ ಕಡಲಿನ ಏರಿಯಾ 1 ಎಂಬ ಗ್ಯಾಸ್ ಬ್ಲಾಕಿನಲ್ಲಿ ಈ ಪುಟ್ಟ ಕಂಪನಿಗೆ 8.5% ಪಾಲಿತ್ತು. ಬಾವಿ ಕೊರೆಯುವ ಹೊಣೆ ಅಮೆರಿಕದ ಅನಡಾರ್ಕೊದ್ದು. 2012ರ ಫೆಬ್ರವರಿಯಲ್ಲಿ ಶೆಲ್ ಶೇರಿಗೆ 195 ಪೆನ್ಸ್ ಕೊಡುತ್ತೇನೆಂದಿತು. ಥಾಯ್ಲೆಂಡಿನ ಪಿಟಿಟಿಇಪಿ 220 ಎಂದಿತು, ಶೆಲ್ಲೂ 220ಕ್ಕೇರಿತು, ಥಾಯ್‌ನವರು 240 ಎಂದರು. ಶೆಲ್ ಕೈಬಿಟ್ಟಿತು. ಒಟ್ಟು ಸುಮಾರು 120 ಕೋಟಿ ಪೌಂಡ್. ಅಂದಿನಿಂದ ಮೊರಾಕೊದಿಂದ ಜಿಂಬಾಬ್ವೆವರೆಗೆ ಗ್ಯಾಸಿನ ವಾಸನೆ ಬಂದ ಪ್ರತಿ ಕಂಪನಿಯೂ 'ಮುಂದಿನ ಕೋವ್' ಆಗಿದೆ. ಕೋವ್ ಪಾಲು ಇದ್ದದ್ದು ದಶಕಕ್ಕೊಮ್ಮೆ ಸಿಗುವಂಥ ದೈತ್ಯ ನಿಕ್ಷೇಪದಲ್ಲಿ, ಸಂಖ್ಯೆ ಸಣ್ಣದಾದರೂ ಪಕ್ಕದಲ್ಲಿದ್ದವರು ದೊಡ್ಡವರು, ಜಪಾನಿನಲ್ಲಿ ಆಗಷ್ಟೇ ಫುಕುಶಿಮಾ ದುರಂತವಾಗಿ ಏಷ್ಯಾದಲ್ಲಿ ಎಲ್‌ಎನ್‌ಜಿ (ದ್ರವವಾಗಿಸಿದ ಗ್ಯಾಸ್) ಬೆಲೆ ಗಗನಕ್ಕೇರಿತ್ತು ಎಂಬ ವಿವರಗಳು ಪುರಾಣದಲ್ಲಿ ಇಲ್ಲ.

ಕೊಂಡವರ ಗತಿಯೂ ಇಲ್ಲ. ಆ ಯೋಜನೆಗೆ ಅಂತಿಮ ಹೂಡಿಕೆ ನಿರ್ಧಾರವಾದದ್ದು 2019ರ ಜೂನ್‌ನಲ್ಲಿ. 2021ರ ಮಾರ್ಚ್‌ನಲ್ಲಿ ಉಗ್ರರು ಪಾಲ್ಮಾ ಪಟ್ಟಣಕ್ಕೆ ನುಗ್ಗಿದರು; ಏಪ್ರಿಲ್‌ನಲ್ಲಿ ಅಷ್ಟರಲ್ಲಿ ಯೋಜನೆಯ ಹೊಣೆ ಹೊತ್ತಿದ್ದ ಟೋಟಲ್ ಫೋರ್ಸ್ ಮಜೂರ್ (ಕೈಮೀರಿದ ಕಾರಣಕ್ಕೆ ಒಪ್ಪಂದ ಪಾಲಿಸಲಾಗದು ಎಂದು) ಘೋಷಿಸಿ ಜನರನ್ನು ವಾಪಸು ಕರೆಸಿಕೊಂಡಿತು. ಅದನ್ನು ತೆರವು ಮಾಡಿದ್ದು 2025ರ ಕೊನೆಗೆ; ಮೊದಲ ಹಡಗು 2029ಕ್ಕಂತೆ. 2012ರಲ್ಲಿ ದುಡ್ಡು ಸುರಿದು ಗೆದ್ದ ಥಾಯ್ ಕಂಪನಿ ಗ್ಯಾಸಿನ ಮುಖ ನೋಡಲು 17 ವರ್ಷ ಕಾಯಬೇಕು. ಪಕ್ಕದ ಏರಿಯಾ 4ರಲ್ಲಿ ಇಟಲಿಯ ಎನಿ ಕಂಪನಿ ದ್ರವೀಕರಣ ಘಟಕವನ್ನೇ ಕಡಲಲ್ಲಿ ತೇಲಿಬಿಟ್ಟು 2022ರ ನವೆಂಬರ್‌ನಲ್ಲೇ ಹಡಗು ಕಳಿಸಿತು. ದಡಕ್ಕೆ ಕಾಲಿಡದಿದ್ದದ್ದೇ ಅದರ ಜಾಣತನ.

ನಾವೇನೂ ದೂರ ನಿಂತು ನಗಬೇಕಾಗಿಲ್ಲ. ಆ ಏರಿಯಾ 1ರಲ್ಲಿ ಭಾರತದ ಸರ್ಕಾರಿ ಕಂಪನಿಗಳದೇ 30% ಇದೆ: ಒಎನ್‌ಜಿಸಿ ವಿದೇಶ್ 16, ಭಾರತ್ ಪೆಟ್ರೋಲಿಯಂನ ಅಂಗಸಂಸ್ಥೆ 10, ಆಯಿಲ್ ಇಂಡಿಯಾ 4. ಹಾಗಾಗಿ ಈ ಜಪ ಬೆಂಗಳೂರು, ದಾವಣಗೆರೆಗಳ ಡಿಮ್ಯಾಟ್ ಖಾತೆಗಳಿಗೂ ಬಂತು. 2019ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಬಿಪಿಸಿಎಲ್‌ನ 53.29% ಪಾಲು ಮಾರಲು ಒಪ್ಪಿದ್ದೇ ತಡ, 'ಮೊಜಾಂಬಿಕ್ ಗ್ಯಾಸ್ ಈ ಶೇರಿನ ಬೆಲೆಯಲ್ಲಿ ಸೇರಿಯೇ ಇಲ್ಲ' ಎಂಬ ಲೆಕ್ಕಾಚಾರ ಶುರು. ಮೂರು ಕಡೆಯಿಂದ ಆಸಕ್ತಿ ಪತ್ರ ಬಂದವು. ಒಬ್ಬೊಬ್ಬರೇ ಜಾರಿಕೊಂಡು, 2022ರ ಮೇ ತಿಂಗಳಲ್ಲಿ ಸರ್ಕಾರ ಮಾರಾಟವನ್ನೇ ಕೈಬಿಟ್ಟಿತು. ಬೆಲೆಯಲ್ಲಿ ಸೇರದ ಗ್ಯಾಸ್ ಈಗಲೂ ನೆಲದಡಿಯಲ್ಲೇ ಸುರಕ್ಷಿತವಾಗಿದೆ.

ಈ 'ಬೆಲೆಯಲ್ಲಿ ಸೇರಿಲ್ಲ' ಲೆಕ್ಕ ಹುಟ್ಟುವ ಬಗೆ ನೋಡಿ. ಊಹೆಗೆ ಒಂದು ನಿಕ್ಷೇಪ, 1 ಟಿಸಿಎಫ್; ಅಂದರೆ ಒಂದು ಲಕ್ಷ ಕೋಟಿ ಘನ ಅಡಿ. ಸಾವಿರ ಘನ ಅಡಿಗೆ 3 ಡಾಲರ್. ಭಕ್ತ ಗುಣಿಸುತ್ತಾನೆ: 300 ಕೋಟಿ ಡಾಲರ್. ಕಂಪನಿಯ ಶೇರು 400 ಕೋಟಿ. ಶೇರಿಗೆ 75 ಸೆಂಟ್! ಪೇಟೆಯಲ್ಲಿ ಎರಡು ಸೆಂಟಿಗೆ ಸಿಗುತ್ತಿದೆ, ಪೇಟೆಗೆ ಬುದ್ಧಿ ಇಲ್ಲ.

ಪೇಟೆ ಹಾಕುವ ಲೆಕ್ಕ ಬೇರೆ. ಆ 1 ಟಿಸಿಎಫ್ ಬಂಡೆಯಲ್ಲಿ ಇರುವುದು, ಮೇಲೆ ಬರುವುದಲ್ಲ. ಒಳಗಿನ ಒತ್ತಡ ಕುಸಿಯುವವರೆಗೆ 70% ತೆಗೆಯಬಹುದು ಎನ್ನಿ: 700 ಬಿಸಿಎಫ್ (ಒಂದು ಬಿಸಿಎಫ್ ಎಂದರೆ ನೂರು ಕೋಟಿ ಘನ ಅಡಿ). ಬಾವಿ ಕೊರೆಯಲು ದುಡ್ಡಿಲ್ಲದೆ ಮುಕ್ಕಾಲು ಪಾಲನ್ನು, ಖರ್ಚು ಹೊರುವ ಬೇರೆಯವರಿಗೆ ಬಿಟ್ಟುಕೊಟ್ಟು ಫಾರ್ಮ್-ಔಟ್ ಮಾಡಿಯಾಗಿದೆ, ಉಳಿದದ್ದು 25%: 175. ಉತ್ಪಾದನಾ ಹಂಚಿಕೆ ಒಪ್ಪಂದದಲ್ಲಿ ಸರ್ಕಾರಕ್ಕೆ ಅರ್ಧ ಹೋದರೆ ಸುಮಾರು 87. ಇದೂ ಒಂದೇ ದಿನ ಬರುವುದಿಲ್ಲ. 20 ವರ್ಷಕ್ಕೆ ಹರಡಿದರೆ, ಅದೇ 3 ಡಾಲರ್ ದರದಲ್ಲಿ, ವರ್ಷಕ್ಕೆ 1.3 ಕೋಟಿ ಡಾಲರ್. ಕಂಪ್ರೆಸರ್, ಹೊಸ ಬಾವಿ, ಸಂಬಳಕ್ಕೆ ಮೂರನೇ ಒಂದು ಭಾಗ ತೆಗೆಯಿರಿ. ಇಂಥ ಅಪಾಯಕ್ಕೆ ಹೂಡಿಕೆದಾರ ಕೇಳುವ 15% ದರದಲ್ಲಿ ಇಂದಿನ ಮೌಲ್ಯಕ್ಕಿಳಿಸಿ, ಗ್ಯಾಸ್ ಹರಿಯಲು ಇನ್ನೂ ಐದು ವರ್ಷವೆಂದು ಹಿಂದಕ್ಕೆ ತಂದರೆ ಸುಮಾರು 2.7 ಕೋಟಿ. ಹರಿಯುವ ಸಂಭವ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ 1.35 ಕೋಟಿ. 400 ಕೋಟಿ ಶೇರಿಗೆ ಹಂಚಿ: ತಲಾ 0.34 ಸೆಂಟ್. ಬುದ್ಧಿ ಇಲ್ಲದ ಪೇಟೆ ಎರಡು ಸೆಂಟ್ ಕೊಡುತ್ತಿರುವುದೇ ಔದಾರ್ಯ.

ಕಾಗದದಲ್ಲಿ ಕಳೆಯುವ ಆ ಐದು ವರ್ಷ ನೆಲದ ಮೇಲೆ ಹೇಗಿರುತ್ತದೆ ಎಂಬುದನ್ನು ಟಾಂಜಾನಿಯಾದ ದಕ್ಷಿಣಕ್ಕಿರುವ ಎನ್‌ಟೋರ್ಯ ಗ್ಯಾಸ್ ನಿಕ್ಷೇಪ ಹೇಳುತ್ತದೆ. ಮೊದಲ ಬಾವಿಯಲ್ಲಿ ಗ್ಯಾಸ್ ಸಿಕ್ಕಿದ್ದು 2012ರಲ್ಲಿ. ಎರಡನೆಯದು 2017ರಲ್ಲಿ, ಪರೀಕ್ಷೆಯಲ್ಲಿ ದಿನಕ್ಕೆ 1.7 ಕೋಟಿ ಘನ ಅಡಿ. ಭಕ್ತ ಅದನ್ನು ಕೂಡಲೇ 365ರಿಂದ ಗುಣಿಸಿದ. ಪರೀಕ್ಷೆಯೆಂದರೆ ಚೋಕ್ ಕವಾಟ ತೆರೆದು ಕೆಲವು ಗಂಟೆ ಹರಿಯಬಿಟ್ಟು, ಬಂದ ಗ್ಯಾಸನ್ನು ಸುಟ್ಟುಬಿಡುವುದು. ನಿಜವಾದ ಸುದ್ದಿ ಸಿಗುವುದು ಬಾವಿ ಮುಚ್ಚಿದ ಮೇಲೆ: ಒತ್ತಡ ಮೊದಲಿನ ಮಟ್ಟಕ್ಕೆ ಮರಳಿದರೆ ಒಳಗೆ ದಾಸ್ತಾನು ದೊಡ್ಡದು, ಮರಳದಿದ್ದರೆ ಸಿಕ್ಕಿದ್ದು ಒಂದು ಪುಟ್ಟ ಜೇಬು. ಆ ಗ್ರಾಫ್ ನೋಡಲು ಯಾರಿಗೂ ಪುರಸೊತ್ತಿಲ್ಲ, ಜ್ವಾಲೆಯ ಫೋಟೋ ಮಾತ್ರ ಎಲ್ಲರ ಹತ್ತಿರ ಇದೆ.

ಅಭಿವೃದ್ಧಿ ಪರವಾನಗಿ ಸಿಕ್ಕಿದ್ದು 2024ರಲ್ಲಿ, ಮೊದಲ ಬಾವಿಯಾದ ಹನ್ನೆರಡು ವರ್ಷಕ್ಕೆ. ಅಲ್ಲಿ ಪೈಪ್‌ಲೈನ್ ಇಲ್ಲವೆಂದಲ್ಲ. ಮ್ತ್ವಾರಾದಿಂದ ದಾರ್ ಎಸ್ ಸಲಾಮ್‌ಗೆ 36 ಇಂಚಿನ ಕೊಳವೆ 2015ರಿಂದ ಇದೆ, ಸಾಮರ್ಥ್ಯದ ಬಹುಭಾಗ ಖಾಲಿ. ಕೊಳ್ಳುವವರು ಯಾರು ಎಂಬುದು ಪ್ರಶ್ನೆ. ಗ್ಯಾಸಿನ ದೊಡ್ಡ ಗಿರಾಕಿ ವಿದ್ಯುತ್ ಸ್ಥಾವರ, ಮತ್ತು 2024ರಿಂದ ರುಫಿಜಿ ನದಿಯ ಜೂಲಿಯಸ್ ನೈರೇರೆ ಅಣೆಕಟ್ಟು ಒಂದೊಂದೇ ಟರ್ಬೈನ್ ತಿರುಗಿಸುತ್ತ 2115 ಮೆಗಾವಾಟಿನ ಕಡೆಗೆ ನಡೆಯಿತು. ಶೆಲ್ ಅಧ್ಯಕ್ಷರ ವಿಮಾನ ಎಲ್ಲಿಳಿಯಿತೆಂದು ಕಾಯುವವರಲ್ಲಿ ಆ ಅಣೆಕಟ್ಟಿಗೆ ನೀರು ಎಷ್ಟು ಬಂತೆಂದು ನೋಡಿದವರು ವಿರಳ.

ಏಳು ಗಂಟೆಗೆ ನಿಜವಾಗಿ ಏನು ಬರುತ್ತದೆ? ಬಹುಪಾಲು ದಿನ ಏನೂ ಇಲ್ಲ. ಉಳಿದ ದಿನ ಪ್ಲೇಸಿಂಗ್. ಹಿಂದಿನ ಸಂಜೆ ಪೇಟೆ ಮುಚ್ಚಿದ ಮೇಲೆ ಬ್ರೋಕರ್ ದೊಡ್ಡ ಫಂಡುಗಳಿಗೆ ಫೋನು ಹಚ್ಚಿ, ಅಂದಿನ ಬೆಲೆಗಿಂತ ಕಡಿಮೆಗೆ, ಕೆಲವೊಮ್ಮೆ ವಾರಂಟ್ (ಮುಂದೆ ನಿಗದಿತ ಬೆಲೆಗೆ ಶೇರು ಕೊಳ್ಳುವ ಹಕ್ಕು) ಉಚಿತವಾಗಿ ಸೇರಿಸಿ, ಹೊಸ ಶೇರು ಹಂಚಿ ಮುಗಿಸಿರುತ್ತಾನೆ. ಕೆಲವು ಫಂಡುಗಳು ವಾರಂಟ್ ಇಟ್ಟುಕೊಂಡು ಶೇರನ್ನು ಅದೇ ವಾರ ಮಾರಿಬಿಡುತ್ತವೆ. 400 ಕೋಟಿ 500 ಕೋಟಿಯಾಗುತ್ತದೆ. ಭಕ್ತ ಹಳೆಯ ಸಂಖ್ಯೆಯಿಂದಲೇ ಭಾಗಿಸುತ್ತಿರುತ್ತಾನೆ.

ಸ್ವಾಧೀನ ಅಪರೂಪಕ್ಕೆ ನಿಜವಾಗಿಯೂ ಬರುತ್ತದೆ, ಅದಕ್ಕೆ ನಿಯಮವೂ ಇದೆ. ಬರಬಹುದು ಎಂದವನ ಹೆಸರು ಪ್ರಕಟವಾದರೆ 28 ದಿನದೊಳಗೆ ಖಚಿತ ಬೆಲೆ ಹೇಳಬೇಕು, ಇಲ್ಲವೆ ಹೊರಡಬೇಕು. ಹೊರಟವನು ಸಾಮಾನ್ಯವಾಗಿ ಆರು ತಿಂಗಳು ಮರಳುವಂತಿಲ್ಲ. 30% ಪಾಲು ಮುಟ್ಟಿದವನು ಎಲ್ಲರಿಗೂ ಬೆಲೆ ಕೊಡಲೇಬೇಕು, ಆದ್ದರಿಂದಲೇ ಜಾಣರು 29.9ರಲ್ಲಿ ನಿಂತು ತಣ್ಣಗೆ ಕೂರುತ್ತಾರೆ.

ಓಫಿರ್ ಎನರ್ಜಿಗೆ ಹಾಗೆ ಬಂತು. 2011ರಲ್ಲಿ 250 ಪೆನ್ಸಿಗೆ ಪೇಟೆಗಿಳಿದ ಕಂಪನಿ ಅದು. ಟಾಂಜಾನಿಯಾ ಕಡಲಿನ ಮೂರು ಬ್ಲಾಕುಗಳ 20% ಪಾಲನ್ನು ಸಿಂಗಪುರದ ಪೆವಿಲಿಯನ್‌ಗೆ ಸುಮಾರು 129 ಕೋಟಿ ಡಾಲರಿಗೆ ಮಾರಿದ ಗಟ್ಟಿಗರು. ಆದರೆ ಈಕ್ವಟೋರಿಯಲ್ ಗಿನಿಯ ಫೋರ್ಚುನಾ ಯೋಜನೆಗೆ ಸಾಲ ಹೊಂದಿಸಲಾಗದೆ ಒದ್ದಾಡಿ, ಪರವಾನಗಿಯ ಅವಧಿ ಮುಗಿದಾಗ 2019ರ ಜನವರಿಯಲ್ಲಿ ಆ ಸರ್ಕಾರ ನವೀಕರಿಸುವುದಿಲ್ಲ ಎಂದಿತು. ಅದೇ ತಿಂಗಳು ಇಂಡೋನೇಷ್ಯಾದ ಮೆಡ್ಕೊ ಬಂದು 55 ಪೆನ್ಸ್ ಎಂದಿತು. ಕೆಲವು ಹೂಡಿಕೆದಾರರು ಗಲಾಟೆ ಮಾಡಿದ್ದಕ್ಕೆ ಎರಡೂವರೆ ಪೆನ್ಸ್ ಸೇರಿಸಿತು. ಮತ ಹಾಕಿದವರಲ್ಲಿ ತಲೆಯೆಣಿಕೆಯ ಬಹುಮತ, ಮೌಲ್ಯದ ಲೆಕ್ಕದಲ್ಲಿ 75% ಮತ ಬಿದ್ದು ಕೋರ್ಟು ಒಪ್ಪಿದರೆ ಉಳಿದವರೂ ಮಾರಿದಂತೆಯೇ; ಮತ ಬಿತ್ತು. ವ್ಯವಹಾರ ಜಾರಿಯಾದ 14 ದಿನದೊಳಗೆ ಹಣ ಖಾತೆಗೆ ಹಾಕಬೇಕೆಂಬ ನಿಯಮವಿದೆ. 250 ಕೊಟ್ಟು ಎಂಟು ವರ್ಷ ಸ್ವಾಧೀನಕ್ಕೆ ಕಾದವರಿಗೆ ಸಿಕ್ಕಿದ್ದು ಶೇರಿಗೆ 57.5 ಪೆನ್ಸ್.