ಉರಿ ಸಣ್ಣದಾದರೆ ಹೊರಗೆ ಬಾ

ಕಳೆದ ತಿಂಗಳು ಬೆಂಗಳೂರಿಗೆ, ಭಾವನ ಫ್ಲಾಟಿಗೆ ಹೋಗಿದ್ದೆ. ಬಚ್ಚಲಲ್ಲಿ ಕೊಳೆತ ಮೊಟ್ಟೆಯ ವಾಸನೆ. ಅಕ್ಕ ಫಿನಾಯಿಲ್ ಸುರಿದೂ ಸುರಿದೂ ಸುಸ್ತಾಗಿದ್ದಳು. ಸುಮ್ನೆ ಟೆರೇಸಿಗೆ ಹೋಗಿ ನೋಡಿದರೆ, ವೆಂಟ್ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಹಗ್ಗ ಬಿಗಿದಿದ್ದಾರೆ! ಬಟ್ಟೆ ಒಣಗಿಸುವವರಿಗೆ ವಾಸನೆ ಬರುತ್ತದಂತೆ. ಆ ಪೈಪ್ ಇರುವುದೇ ಗ್ಯಾಸ್ ಮೇಲೆ ಹೋಗಲಿ ಅಂತ. ಅದನ್ನು ಮುಚ್ಚಿದರೆ ಮೇಲಿನ ಮನೆಯವರು ಫ್ಲಶ್ ಮಾಡಿದಾಗ ಕೆಳಗಿನ ಟ್ರ್ಯಾಪಿನಲ್ಲಿ, ಅಂದರೆ ಬಚ್ಚಲ ತೂತಿನ ಕೆಳಗಿನ ಬಾಗಿದ ಪೈಪಿನಲ್ಲಿ, ನಿಂತ ನೀರೂ ಎಳೆದುಹೋಗುತ್ತದೆ, ಗ್ಯಾಸನ್ನು ತಡೆಯುತ್ತಿದ್ದದ್ದು ಆ ಒಂದೆರಡು ಇಂಚು ನೀರೇ ಅಲ್ವಾ, ಅದೂ ಹೋದ ಮೇಲೆ ಗ್ಯಾಸಿಗೆ ಬಚ್ಚಲೇ ದಾರಿ.

ನಾನು ಕಾಸರಗೋಡಿನ ಪೆರ್ಲದ ಕಡೆಯವನು. ಹೊರನಾಡ ಕನ್ನಡಿಗ ಅಂತಾರೆ. ನಮ್ಮ ಮನೆ ಇದ್ದಲ್ಲೇ ಇದೆ, 1956ರಲ್ಲಿ ಕೇರಳಕ್ಕೆ ಸೇರಿತು ಅಷ್ಟೆ. ನಮ್ಮೂರಲ್ಲಿ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಇಲ್ಲ. ಆದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವ ಸುರಂಗಗಳಿವೆ. ಒಬ್ಬ ಬಗ್ಗಿ ಹೋಗುವಷ್ಟೇ ಜಾಗ. ತೋಡುವವರು ಒಳಗೆ ಕ್ಯಾಂಡಲ್ ಹಚ್ಚಿಟ್ಟುಕೊಳ್ಳುತ್ತಾರೆ. ಉರಿ ಸಣ್ಣದಾಯಿತೋ, ಉಸಿರಾಡುವ ಗಾಳಿ ಸಾಲದು ಅಂತ ಲೆಕ್ಕ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ. ಅವರಿಗೆ ಯಾರೂ ಟ್ರೈನಿಂಗ್ ಕೊಟ್ಟಿಲ್ಲ.

ಹಾಗಂತ ಮ್ಯಾನ್‌ಹೋಲಿಗೆ ಕ್ಯಾಂಡಲ್ ಹಿಡಿದು ಹೋಗಬೇಡಿ ಮಾರಾಯ್ರೆ. ಅಲ್ಲಿ ಮೀಥೇನ್ ಇರುತ್ತದೆ, ಗಾಳಿಯಲ್ಲಿ ನೂರಕ್ಕೆ 5ರಿಂದ 15ರಷ್ಟು ಸೇರಿದ್ದರೆ ಒಂದು ಕಿಡಿ ಸಾಕು. ಆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಕಳ್ಳ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು 100 ಪಾಲು ಆಗುವ ಹೊತ್ತಿಗೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಇಳಿದವನು ಈಗ ಪರವಾಗಿಲ್ಲ ಅಂದುಕೊಳ್ಳುತ್ತಾನೆ, 700 ದಾಟಿದರೆ ಕೆಲವೇ ಉಸಿರಿಗೆ ಬೀಳುತ್ತಾನೆ. ಅಲ್ಲಿ ವಿಷಗಾಳಿ ಅಳೆಯುವ ಗ್ಯಾಸ್ ಮೀಟರೇ ಬೇಕು.

ಪೇಟೆಯವರು ವಾಸನೆಯ ಹಿಂದೆ ಬಿದ್ದಿದ್ದಾರೆ, ಗ್ಯಾಸನ್ನು ಕೇಳುವವರಿಲ್ಲ. ಅದು ಹುಟ್ಟುವುದು ನೀರು ನಿಧಾನವಾಗಿ ಹೂಳು ಕೂತಲ್ಲಿ, ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಂದ. ನೀರು ಮೇಲಿಂದ ಧುಮುಕುವ ಕಡೆ ಜಾಸ್ತಿ ಹೊರಗೆ ಬರುತ್ತದೆ. ಪೈಪಿನ ಮೇಲ್ಭಾಗದಲ್ಲಿ ಅದೇ ಆಸಿಡ್ ಆಗಿ ಕಾಂಕ್ರೀಟನ್ನೂ ತಿನ್ನುತ್ತದೆ. ಇಳಿಜಾರು ಸರಿ ಇಟ್ಟು ನೀರು ಸೆಕೆಂಡಿಗೆ 60 ಸೆಂಟಿಮೀಟರ್ ಆದರೂ ಓಡುವ ಹಾಗೆ ಮಾಡಬೇಕು, ಹೂಳು ತೆಗೆಸಬೇಕು, ಪಂಪಿನ ಉದ್ದ ಲೈನಿಗೆ ಗಾಳಿ ಊದಬೇಕು ಇಲ್ಲವೇ ನೈಟ್ರೇಟೋ ಕಬ್ಬಿಣದ ಲವಣವೋ ಬೆರೆಸಬೇಕು. ನಾವು ಮಾಡುವುದು? ಮುಚ್ಚಳ ಬಿಗಿಮಾಡಿ ಸುತ್ತ ಬ್ಲೀಚಿಂಗ್ ಪೌಡರ್ ಎರಚುವುದು.

ನಮ್ಮ ಕೇರಳವೇನೂ ಸಾಚಾ ಅಲ್ಲ. 2015ರಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಆಂಧ್ರದ ಇಬ್ಬರು ಕೆಲಸಗಾರರು ಸತ್ತರು, ಅವರನ್ನು ಎತ್ತಲು ಹೋದ ಆಟೋ ಚಾಲಕನೂ ಸತ್ತ. ತಿರುವನಂತಪುರದ ಜೆನ್‌ರೋಬೋಟಿಕ್ಸ್ ಕಂಪನಿಯವರ, ಮ್ಯಾನ್‌ಹೋಲ್ ಕ್ಲೀನ್ ಮಾಡುವ ಬ್ಯಾಂಡಿಕೂಟ್ ರೋಬೋಟ್ ಬಂದದ್ದು ಆಮೇಲೆ. ಮಲ ಹೊರುವುದರ ವಿರುದ್ಧದ ಕಾಯ್ದೆ 2013ರದ್ದು. ಚರಂಡಿಗೆ ಇಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಒಂದು ಗ್ಯಾಸ್ ಮೀಟರಿಗೆ ಅಷ್ಟು ದುಡ್ಡು ಬೇಕಾಗಿಲ್ಲ.

ಊರಲ್ಲೂ ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಚಂದ ಕಾಣುವುದಿಲ್ಲ ಅಂತ ಸೆಪ್ಟಿಕ್ ಟ್ಯಾಂಕಿನ ವೆಂಟ್ ಪೈಪ್ ಕತ್ತರಿಸುವವರು ಇದ್ದಾರೆ. ಸುರಂಗ ತೋಡಿದವರ ಮೊಮ್ಮಕ್ಕಳೇ!

ಭಾವನ ಫ್ಲಾಟಿನ ಸೆಕ್ರೆಟರಿಗೆ ಚೀಲ ಬಿಚ್ಚಿಸಿ, ಪೈಪನ್ನು ಆರಡಿ ಎತ್ತರ ಮಾಡಿ ಜಾಲರಿ ಹಾಕಿಸಿ ಅಂದೆ. "ಮುಂದಿನ ಮೀಟಿಂಗಲ್ಲಿ ಇಡ್ತೀನಿ ಸಾರ್" ಅಂದರು. ಸದ್ಯಕ್ಕೆ ಅಕ್ಕ ದಿನಾ ಬೆಳಿಗ್ಗೆ ಟ್ರ್ಯಾಪಿಗೆ ಒಂದು ಚೊಂಬು ನೀರು ಹೊಯ್ಯುತ್ತಿದ್ದಾಳೆ.